ಗ್ರಾನೈಟ್ ಮತ್ತು ಬಸಾಲ್ಟ್: ಎರಡೂ ಕರಗಿ ಗಟ್ಟಿಯಾದ ಕಲ್ಲೇ, ಮತ್ಯಾಕೆ ಇಷ್ಟು ಬೇರೆ?

ದಾರಿಹೋಕ:

ಎಲ್ಲರಿಗೂ ನಮಸ್ಕಾರ. ನಾನು ಭೂವಿಜ್ಞಾನ ಓದಿದವನಲ್ಲ. ಕಲ್ಲು ಕಂಡರೆ ಎತ್ತಿ ತಿರುಗಿಸಿ ನೋಡುವ ಚಾಳಿ ಇದೆ, ಅಷ್ಟೆ. ಈಗ ಮೇಜಿನ ಮೇಲೆ ಎರಡು ಕಲ್ಲಿವೆ. ಒಂದು ಒಡೆದ ತುಂಡು, ನಸುಗೆಂಪು, ಬಿಳಿ, ಕಪ್ಪು ಚುಕ್ಕೆಗಳೆಲ್ಲ ಕಲಸಿಕೊಂಡಿವೆ. ಇದು ಗ್ರಾನೈಟ್ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಇನ್ನೊಂದು ನೆಲಕ್ಕೆ ಹಾಕಿ ಉಳಿದ ಸ್ಲ್ಯಾಬಿನ ಮೂಲೆ. ಒಂದು ಮುಖಕ್ಕೆ ಪಾಲಿಶ್ ಆಗಿದೆ, ಬಾಕಿ ಕಡೆ ಒಡೆದ ಹಾಗೇ ಇದೆ. ಕಡುಗಪ್ಪು. ಅದನ್ನೂ ಎಲ್ಲರೂ ಗ್ರಾನೈಟ್ ಅಂತಲೇ ಕರೆಯುತ್ತಾರೆ, ಆದರೆ ನನಗೇನೋ ಅದು ಬಸಾಲ್ಟ್ ಅನಿಸುತ್ತದೆ.

ಶಾಲೆಯಲ್ಲಿ ಓದಿದ್ದು ಎರಡೇ ಸಾಲು. ಭೂಮಿಯ ಒಳಗೆ ನಿಧಾನವಾಗಿ ಆರಿದರೆ ಗ್ರಾನೈಟ್, ಹೊರಗೆ ಹರಿದು ಬೇಗ ಆರಿದರೆ ಬಸಾಲ್ಟ್. ಆವಾಗಿನಿಂದಲೂ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಹೊರಗೆ ಬಂದು ಬಸಾಲ್ಟ್ ಆದ ಅದೇ ಲಾವಾ ಒಳಗೇ ಉಳಿದುಕೊಂಡು ಆರಾಮಾಗಿ ಆರಿದ್ದರೆ ಗ್ರಾನೈಟ್ ಆಗುತ್ತಿತ್ತಾ? ಆಗುತ್ತಿತ್ತು ಅಂದರೆ ಬಣ್ಣ ಯಾಕೆ ಬೇರೆ? ಆರುವ ವೇಗ ಬದಲಾದರೆ ಕಪ್ಪು ಕಲ್ಲು ಕೆಂಪಾಗುತ್ತದಾ? ನನಗಂತೂ ತಾಳೆ ಆಗುತ್ತಿಲ್ಲ.

ಇನ್ನೊಂದು, ಲ್ಯಾಬ್ ಇಲ್ಲದೆ ಮನೆಯಲ್ಲೇ ಈ ಎರಡನ್ನು ಬೇರೆ ಮಾಡಿ ಹೇಳುವ ದಾರಿ ಏನಾದರೂ ಇದೆಯಾ? ನನ್ನ ಹತ್ತಿರ ಒಂದು ಭೂತಗನ್ನಡಿ, ಒಂದು ಅಯಸ್ಕಾಂತ, ಗ್ರಾಂ ತೋರಿಸುವ ತಕ್ಕಡಿ ಇವೆ. ತಿಳಿದವರು ದಯವಿಟ್ಟು ಹೇಳಿ.

ಸುತ್ತಿಗೆ:

ಇಲ್ಲ, ಗ್ರಾನೈಟ್ ಆಗುತ್ತಿರಲಿಲ್ಲ. ಗ್ಯಾಬ್ರೋ ಅನ್ನುವ ಬೇರೆ ಕಲ್ಲಾಗುತ್ತಿತ್ತು. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆ ಎರಡು ಸಾಲಿನಲ್ಲಿ ಅರ್ಧ ವಿಷಯವೇ ಬಿಟ್ಟುಹೋಗಿದೆ.

ಕರಗಿ ಗಟ್ಟಿಯಾದ ಯಾವ ಕಲ್ಲನ್ನು ಕೈಗೆ ತೆಗೆದುಕೊಂಡರೂ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಇದು ಯಾವುದರಿಂದ ಆಗಿದೆ? ಇದು ಎಲ್ಲಿ ಆರಿತು? ಮೊದಲನೆಯದಕ್ಕೆ ಒಳಗಿರುವ ಖನಿಜ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಹರಳಿನ ಗಾತ್ರ. ಗ್ರಾನೈಟ್ ಮತ್ತು ಬಸಾಲ್ಟ್ ಎರಡೂ ವಿಷಯದಲ್ಲಿ ಬೇರೆ. ಅದಕ್ಕೇ ಈ ಜೋಡಿಯನ್ನು ಹೋಲಿಸಲು ಹೊರಟವರು ಯಾವ ವ್ಯತ್ಯಾಸ ಯಾತರಿಂದ ಬಂತು ಅಂತ ತಿಳಿಯದೆ ಒದ್ದಾಡುತ್ತಾರೆ.

ಗ್ರಾನೈಟಿನಲ್ಲಿ ಸಿಲಿಕಾ, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ ಅಂಶ, ಸಾಮಾನ್ಯವಾಗಿ ಶೇ. 70ರ ಮೇಲೆ. ಪೊಟ್ಯಾಸಿಯಂ, ಸೋಡಿಯಂ ಜಾಸ್ತಿ. ಹಾಗಾಗಿ ಅದರಲ್ಲಿ ಕಾಣುವುದು ಬೆಣಚು, ಫೆಲ್ಡ್‌ಸ್ಪಾರ್, ಜೊತೆಗೆ ಅಲ್ಲಲ್ಲಿ ಅಭ್ರಕ ಅಥವಾ ಹಾರ್ನ್‌ಬ್ಲೆಂಡ್. ಬಸಾಲ್ಟಿನಲ್ಲಿ ಸಿಲಿಕಾ ಶೇ. 45ರಿಂದ 52. ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ ತುಂಬಿರುತ್ತವೆ. ಅದರ ಖನಿಜಗಳು ಪೈರಾಕ್ಸಿನ್, ಕ್ಯಾಲ್ಸಿಯಂ ಹೆಚ್ಚಿರುವ ಪ್ಲೇಜಿಯೋಕ್ಲೇಸ್ (ಇದೂ ಒಂದು ಬಗೆಯ ಫೆಲ್ಡ್‌ಸ್ಪಾರ್), ಕೆಲವು ಸಲ ಆಲಿವಿನ್. ಕಬ್ಬಿಣ ಇರುವ ಖನಿಜಗಳು ಕಪ್ಪು ಇಲ್ಲವೇ ಹಸಿರು, ಆದ್ದರಿಂದ ಕಲ್ಲೂ ಕಪ್ಪು. ಆರುವ ವೇಗಕ್ಕೂ ಈ ಕಪ್ಪಿಗೂ ಸಂಬಂಧ ಇಲ್ಲ.

ಈಗ ಆರುವ ಜಾಗಕ್ಕೆ ಬನ್ನಿ. ಬಸಾಲ್ಟಿನ ರಸ, ಅಂದರೆ ಕರಗಿದ ಕಲ್ಲು, ಆಳದಲ್ಲೇ ಉಳಿದು ಆರಿದರೆ ಅದೇ ಖನಿಜಗಳು ದಪ್ಪ ಹರಳಾಗಿ ಬೆಳೆಯುತ್ತವೆ, ಅದು ಗ್ಯಾಬ್ರೋ. ಸ್ವಲ್ಪ ಮೇಲೆ, ಬಂಡೆಯ ಸೀಳಿನಲ್ಲಿ ಸಿಕ್ಕಿಕೊಂಡು ಆರಿದರೆ ಡಾಲರೈಟ್. ಅದೇ ರೀತಿ ಗ್ರಾನೈಟಿನ ರಸ ಹೊರಗೆ ಉಕ್ಕಿ ಬೇಗ ಆರಿದರೆ ರಯೋಲೈಟ್. ಇನ್ನೂ ಬೇಗ ಆರಿ, ಹರಳು ಕಟ್ಟಲೂ ಪುರಸೊತ್ತು ಸಿಗದಿದ್ದರೆ ಅಬ್ಸಿಡಿಯನ್ ಅನ್ನುವ ಗಾಜು. ಈ ಅಬ್ಸಿಡಿಯನ್ ನೋಡಿದ್ದೀರಾ? ಹೆಚ್ಚಿನವು ಕಪ್ಪೇ. ಒಳಗಿನ ಸಾಮಾನು ಹೆಚ್ಚುಕಮ್ಮಿ ಗ್ರಾನೈಟಿನದು, ಬಣ್ಣ ಮಾತ್ರ ಕಪ್ಪು. ಗಾಜಿನಲ್ಲಿ ಹರಡಿರುವ ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳೇ ಅಷ್ಟು ಕಪ್ಪು ಮಾಡಿಬಿಡುತ್ತವೆ. ಹಾಗಾಗಿ ಬಣ್ಣವನ್ನು ಪೂರ್ತಿ ನಂಬಬೇಡಿ. ಗಾಜಿನ ಹಾಗೆ ಹೊಳೆಯುವ ಕಲ್ಲಿನ ವಿಷಯದಲ್ಲಂತೂ ನಂಬಲೇಬೇಡಿ.

ಆರುವ ವೇಗದಿಂದ ಕಲ್ಲಿನ ರೂಪ ಬದಲಾಗುತ್ತದೆ ಅನ್ನುವುದನ್ನು ಮಾಡಿ ತೋರಿಸಿದ್ದು ಸ್ಕಾಟ್ಲೆಂಡಿನ ಜೇಮ್ಸ್ ಹಾಲ್, 1790ರ ದಶಕದ ಕೊನೆಯಲ್ಲಿ. ಬಸಾಲ್ಟ್ ಜಾತಿಯ ಕಲ್ಲನ್ನು ಕುಲುಮೆಯಲ್ಲಿ ಕರಗಿಸಿದರು. ಬೇಗ ಆರಿಸಿದರೆ ಗಾಜು ಬಂತು. ಮತ್ತೆ ಕರಗಿಸಿ ನಿಧಾನಕ್ಕೆ ಆರಿಸಿದರೆ ಹರಳುಹರಳಾದ ಕಲ್ಲೇ ಬಂತು. ಗಮನಿಸಿ, ಎಷ್ಟು ನಿಧಾನಕ್ಕೆ ಆರಿಸಿದರೂ ಅವರಿಗೆ ಗ್ರಾನೈಟ್ ಸಿಗಲಿಲ್ಲ. ಹಾಕಿದ್ದೇ ಬಸಾಲ್ಟ್ ಅಲ್ವಾ.

ನಿಮ್ಮ ಕಪ್ಪು ಕಲ್ಲಿನ ಪಾಲಿಶ್ ಮುಖವನ್ನು ಮರೆತುಬಿಡಿ. ಒಡೆದ ಮುಖವನ್ನು ಒದ್ದೆ ಮಾಡಿ, ಬಿಸಿಲಿನಲ್ಲಿ ಹಿಡಿದು ಭೂತಗನ್ನಡಿಯಿಂದ ನೋಡಿ ಹೇಳಿ. ಹರಳು ಕಾಣುತ್ತದೋ ಇಲ್ಲವೋ ಅನ್ನುವುದರ ಮೇಲೆ ಮುಂದಿನ ಮಾತು.

ಬೆಣಚು:

ಸುತ್ತಿಗೆಯವರು ಹೇಳಿದ್ದು ಸರಿ. ಆದರೆ ನಿಧಾನ ಅಂದರೆ ದೊಡ್ಡ ಹರಳು, ಬೇಗ ಅಂದರೆ ಸಣ್ಣ ಹರಳು ಅನ್ನುವುದನ್ನು ಕಣ್ಣು ಮುಚ್ಚಿ ಹಿಡಿದುಕೊಳ್ಳಬೇಡಿ. ಪೆಗ್ಮಟೈಟ್ ಅಂತ ಒಂದು ಕಲ್ಲಿದೆ. ಗ್ರಾನೈಟಿನ ರಸದಲ್ಲಿ ಕೊನೆಗೆ ಉಳಿದ, ನೀರು ತುಂಬಿದ ಭಾಗ ಗಟ್ಟಿಯಾಗಿ ಆಗುವಂಥದ್ದು. ಅದರಲ್ಲಿ ಮೀಟರುಗಟ್ಟಲೆ ಉದ್ದದ ಹರಳುಗಳು ಸಿಗುತ್ತವೆ. ಅಮೆರಿಕದ ದಕ್ಷಿಣ ಡಕೋಟಾದ ಒಂದು ಗಣಿಯಲ್ಲಿ ಸಿಕ್ಕ ಸ್ಪೋಡುಮೀನ್ ಅನ್ನುವ ಖನಿಜದ ಹರಳು 10 ಮೀಟರಿಗಿಂತ ಉದ್ದ ಇತ್ತು. ಹಾಗಂತ ಪೆಗ್ಮಟೈಟ್ ಗ್ರಾನೈಟಿಗಿಂತ ನಿಧಾನಕ್ಕೆ ಆರಿತು ಅಂತಲ್ಲ, ಎಷ್ಟೋ ಸಲ ಬೇಗನೇ ಆರಿರುತ್ತದೆ. ನೀರು ಜಾಸ್ತಿ ಇರುವ ರಸದಲ್ಲಿ ಹೊಸ ಹರಳು ಹುಟ್ಟುವುದು ಕಡಿಮೆ, ಹುಟ್ಟಿದ ಕೆಲವಕ್ಕೇ ಸಾಮಾನು ಸಲೀಸಾಗಿ ಹರಿದು ಬರುತ್ತದೆ. ಅವೇ ಬೆಳೆಯುತ್ತಾ ಹೋಗುತ್ತವೆ. ಒಟ್ಟಿನಲ್ಲಿ ಎಷ್ಟು ಹರಳು ಹುಟ್ಟುತ್ತವೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಬರೀ ಸಮಯ ಸಾಲದು.

ಬಸಾಲ್ಟಿನಲ್ಲೂ ಒಂದು ತೊಡಕಿದೆ. ಲಾವಾದ ಪದರ ತೆಳ್ಳಗಿದ್ದರೆ ಬೇಗ ಗಟ್ಟಿಯಾಗುತ್ತದೆ, ಸರಿ. ತುಂಬಾ ದಪ್ಪ ಇದ್ದರೆ? 1959ರಲ್ಲಿ ಹವಾಯಿಯ ಕಿಲಾವೇಯಾ ಇಕಿ ಅನ್ನುವ ಕುಳಿಯಲ್ಲಿ ಲಾವಾ ಕೆರೆಯಾಗಿ ನಿಂತಿತು. 100 ಮೀಟರಿಗಿಂತ ಆಳ. ಮೇಲೆ ಹೊಪ್ಪಳೆ ಕಟ್ಟಿದ ಮೇಲೆ ಜನ ಅದರ ಮೇಲೆ ನಿಂತು ಕೊರೆದು ನೋಡುತ್ತಲೇ ಇದ್ದರು. ಒಳಗೆ ಪೂರ್ತಿ ಗಟ್ಟಿಯಾಗಲು ದಶಕಗಳೇ ಹಿಡಿದವು. ಇಂಥ ದಪ್ಪ ಪದರದ ನಡುವಿನ ಕಲ್ಲು ಅಂಚಿನ ಕಲ್ಲಿಗಿಂತ ದಪ್ಪ ಹರಳಿನದಾಗಿರುತ್ತದೆ.

ನಿಮ್ಮ ನಸುಗೆಂಪು ಕಲ್ಲಿಗೆ ಬರೋಣ. ಭೂತಗನ್ನಡಿ ಹಿಡಿದು ಕಲ್ಲನ್ನು ನಿಧಾನಕ್ಕೆ ತಿರುಗಿಸಿ. ಒಂದು ಕೋನದಲ್ಲಿ ಪಕ್ಕನೆ ಚಪ್ಪಟೆ ಮುಖ ಹೊಳೆದು, ಇನ್ನಷ್ಟು ತಿರುಗಿಸಿದರೆ ಮಂಕಾಗುವುದು ಫೆಲ್ಡ್‌ಸ್ಪಾರ್. ನಸುಗೆಂಪು ಭಾಗಗಳು ಬಹುಪಾಲು ಅದೇ. ಎಷ್ಟು ತಿರುಗಿಸಿದರೂ ಚಪ್ಪಟೆ ಮುಖ ತೋರಿಸದೆ, ಬೂದು ಬಣ್ಣಕ್ಕೆ, ಎಣ್ಣೆ ಸವರಿದ ಗಾಜಿನ ಚೂರಿನ ಥರ ಕೂತಿರುವುದು ಬೆಣಚು. ಕಪ್ಪು ಚುಕ್ಕೆಗೆ ಗುಂಡುಸೂಜಿಯ ಮೊನೆ ತಾಗಿಸಿ. ತೆಳ್ಳಗೆ ಪದರ ಎದ್ದರೆ ಅದು ಕಪ್ಪು ಅಭ್ರಕ. ಏಳದೆ ಉದ್ದುದ್ದ ಕಡ್ಡಿಯಂತೆ ಗಟ್ಟಿ ಕೂತಿದ್ದರೆ ಹಾರ್ನ್‌ಬ್ಲೆಂಡ್ ಇರಬಹುದು.

ಬೆಣಚು ಹುಡುಕುವುದೇ ಇಲ್ಲಿ ಮುಖ್ಯ. ಬೆಣಚು ಧಾರಾಳವಾಗಿ ಇಲ್ಲದಿದ್ದರೆ ಭೂವಿಜ್ಞಾನದವರು ಅದನ್ನು ಗ್ರಾನೈಟ್ ಅನ್ನುವುದೇ ಇಲ್ಲ. ಬೆಣಚು ಮತ್ತು ಎರಡು ಬಗೆಯ ಫೆಲ್ಡ್‌ಸ್ಪಾರ್ ಮಾತ್ರ ಎಣಿಸಿದರೆ ಅದರಲ್ಲಿ ಬೆಣಚು ಶೇ. 20ರಿಂದ 60ರ ಒಳಗೆ ಇರಬೇಕು ಅನ್ನುವುದು ಅವರ ಲೆಕ್ಕ. ನಿಮ್ಮ ಕಪ್ಪು ಸ್ಲ್ಯಾಬ್ ಈ ಲೆಕ್ಕದಲ್ಲಿ ಪಾಸಾಗುವುದು ಅನುಮಾನ.

ದಾರಿಹೋಕ:

ಇಬ್ಬರಿಗೂ ಥ್ಯಾಂಕ್ಸ್. ನೋಡಿದೆ. ನಸುಗೆಂಪು ಕಲ್ಲಿನಲ್ಲಿ ನೀವು ಹೇಳಿದ ಮೂರೂ ಸಿಕ್ಕವು. ತಿರುಗಿಸಿದಾಗ ಹೊಳೆದು ಮಾಯವಾಗುವುದು ಚೆನ್ನಾಗಿ ಕಾಣುತ್ತದೆ, ಇಷ್ಟು ದಿನ ಅದನ್ನು ಸುಮ್ನೆ ಮಿನುಗು ಅಂದುಕೊಂಡಿದ್ದೆ. ಕಪ್ಪು ಚುಕ್ಕೆಯಿಂದ ಸೂಜಿಗೆ ಪದರ ಎದ್ದಿತು.

ಕಪ್ಪು ಕಲ್ಲಿನ ಕಥೆ ಬೇರೆ. ಬರಿಗಣ್ಣಿಗೆ ಏನೂ ಇಲ್ಲ ಅನಿಸಿದರೂ ಒದ್ದೆ ಮಾಡಿ ಬಿಸಿಲಿಗೆ ಹಿಡಿದಾಗ ಸಣ್ಣ ಸಣ್ಣ ಬೂದು ಕಡ್ಡಿಗಳು ಕಂಡವು. ಒಂದೊಂದು ಒಂದೊಂದು ದಿಕ್ಕಿಗೆ ಬಿದ್ದಿವೆ. ಅಳತೆಪಟ್ಟಿ ಪಕ್ಕದಲ್ಲಿ ಇಟ್ಟು ನೋಡಿದರೆ 1ರಿಂದ 2 ಮಿ.ಮೀ. ಉದ್ದ. ಕಡ್ಡಿಗಳ ಸಂದಿಯಲ್ಲೆಲ್ಲ ಕಪ್ಪು ಸಾಮಾನು. ಬೆಣಚಿನ ಥರದ್ದು ಒಂದೂ ಸಿಗಲಿಲ್ಲ. ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹತ್ತಿರ ತಂದರೆ ಕಪ್ಪು ಕಲ್ಲಿನ ಕಡೆ ಸ್ವಲ್ಪ ವಾಲುತ್ತದೆ, ನಸುಗೆಂಪಿನ ಕಡೆ ಇಲ್ಲ.

ಈಗ ಪ್ರಶ್ನೆ, ಹರಳು ಕಂಡಿತು ಅಂದ ಮೇಲೆ ಇದು ಬಸಾಲ್ಟ್ ಅಲ್ಲ ಅಂತ ತಾನೇ? ಮತ್ತೆ ತಕ್ಕಡಿಯಿಂದ ಏನು ಮಾಡಲಿ?

ಸುತ್ತಿಗೆ:

ನೀವು ನೋಡಿದ್ದನ್ನು ಬರೆದ ರೀತಿಯಲ್ಲೇ ಉತ್ತರ ಇದೆ. ಎಲ್ಲ ದಿಕ್ಕಿಗೂ ಬಿದ್ದ ಬೂದು ಕಡ್ಡಿ ಪ್ಲೇಜಿಯೋಕ್ಲೇಸ್, ಸಂದಿಯ ಕಪ್ಪು ಪೈರಾಕ್ಸಿನ್. ಇದು ಡಾಲರೈಟಿನ ಮುಖಚರ್ಯೆ. 1 ಮಿ.ಮೀ.ಗಿಂತ ಸಣ್ಣ ಹರಳಾದರೆ ಬಸಾಲ್ಟ್, 5 ಮಿ.ಮೀ. ದಾಟಿದರೆ ಗ್ಯಾಬ್ರೋ, ನಡುವೆ ಡಾಲರೈಟ್ ಅನ್ನುವುದು ಒಂದು ವಾಡಿಕೆಯ ಗಡಿ. ಬೇರೆ ಬೇರೆ ದೇಶದವರು ಗಡಿಯನ್ನು ಸ್ವಲ್ಪ ಆಚೀಚೆ ಎಳೆಯುತ್ತಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಅಂದರೆ ಅದು ಗ್ರಾನೈಟೂ ಅಲ್ಲ, ಬಸಾಲ್ಟೂ ಅಲ್ಲ. ಆದರೆ ಸಾಮಾನಿನ ಲೆಕ್ಕದಲ್ಲಿ ಬಸಾಲ್ಟಿನ ಒಡಹುಟ್ಟು. ಕಲ್ಲಿನ ವ್ಯಾಪಾರದಲ್ಲಿ ಗಟ್ಟಿಯಾಗಿದ್ದು ಚೆನ್ನಾಗಿ ಪಾಲಿಶ್ ಹಿಡಿಯುವುದೆಲ್ಲ ಗ್ರಾನೈಟೇ. ಕಪ್ಪು ಗ್ರಾನೈಟ್ ಅಂತ ಮಾರುವುದರಲ್ಲಿ ಹೆಚ್ಚಿನದು ಡಾಲರೈಟ್ ಇಲ್ಲವೇ ಗ್ಯಾಬ್ರೋ. ಅವರ ಕೆಲಸಕ್ಕೆ ಅಷ್ಟು ಸಾಕು, ಅದರಲ್ಲಿ ಮೋಸ ಏನೂ ಇಲ್ಲ.

ಅಯಸ್ಕಾಂತ ವಾಲಿದ್ದು ಮ್ಯಾಗ್ನಟೈಟ್ ಅನ್ನುವ ಕಬ್ಬಿಣದ ಖನಿಜದಿಂದ. ಆದರೆ ಇದೊಂದನ್ನೇ ಸಾಕ್ಷಿ ಮಾಡಬೇಡಿ. ಮ್ಯಾಗ್ನಟೈಟ್ ಇರುವ ಗ್ರಾನೈಟುಗಳೂ ಬೇಕಾದಷ್ಟಿವೆ.

ತಕ್ಕಡಿಯ ಕೆಲಸ ಹೀಗೆ. ಒಣಗಿದ ಕಲ್ಲನ್ನು ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ. ಕಲ್ಲಿಗೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿದುಕೊಳ್ಳಿ. ತಳಕ್ಕೂ ಬದಿಗೂ ತಾಗಬಾರದು. ಆಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಕಲ್ಲಿನ ಗಾತ್ರ ಅಷ್ಟು ಘನ ಸೆಂ.ಮೀ. ಒಣತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. ಗ್ರಾನೈಟ್ 2.6ರಿಂದ 2.7ರ ಆಸುಪಾಸು ಬರುತ್ತದೆ, ಗಟ್ಟಿ ಬಸಾಲ್ಟ್ ಮತ್ತು ಅದರ ಬಳಗ 2.8ರಿಂದ 3.0. ಮೈಯೆಲ್ಲ ತೂತಿರುವ ಬಸಾಲ್ಟಿಗೆ ಈ ಆಟ ನಡೆಯುವುದಿಲ್ಲ. ಲಾವಾದಲ್ಲಿದ್ದ ಅನಿಲ ಗುಳ್ಳೆಯಾಗಿ ಉಳಿದ ತೂತುಗಳು ಅವು, ಅಂಥ ಕಲ್ಲು ಹಗುರ ತೋರಿಸುತ್ತದೆ. ತೂತು ಕಂಡರೆ ತೂಗುವ ಅಗತ್ಯವೂ ಇಲ್ಲ ಬಿಡಿ, ಅದು ನೆಲದ ಮೇಲೆ ಇಲ್ಲವೇ ಮೇಲ್ಮೈಗೆ ತೀರಾ ಹತ್ತಿರ ಆರಿದ ಕಲ್ಲು.

ದಾರಿಹೋಕ:

ತೂಗಿದೆ. ನಸುಗೆಂಪು ಒಣಗಿದಾಗ 448 ಗ್ರಾಂ, ಮುಳುಗಿಸಿದಾಗ ತಕ್ಕಡಿ 169 ತೋರಿಸಿತು, ಅಂದರೆ 2.65. ಕಪ್ಪು 612 ಮತ್ತು 207. ಅದು 2.96 ಬಂತು. ಸರಿಯಾಗಿ ನೀವು ಹೇಳಿದ ಜಾಗದಲ್ಲೇ ಕೂತವು!

ಈಗ ಮೂಲ ಪ್ರಶ್ನೆ ಇನ್ನೂ ದೊಡ್ಡದಾಯಿತು. ಸಾಮಾನೇ ಬೇರೆ ಅಂದರೆ ಗ್ರಾನೈಟಿನ ಸಾಮಾನು ಎಲ್ಲಿಂದ ಬಂತು? ಭೂಮಿಯ ಒಳಗೆ ಎರಡು ಥರದ ರಸದ ತೊಟ್ಟಿಗಳಿವೆಯಾ? ಮತ್ತೆ ಗ್ರಾನೈಟಿನ ರಸ ಹೆಚ್ಚಾಗಿ ಒಳಗೇ ಉಳಿಯುವುದು, ಬಸಾಲ್ಟಿನದು ಹೊರಗೆ ಬರುವುದು ಯಾಕೆ? ಅದು ಬರೀ ಕಾಕತಾಳೀಯ ಇರಲಾರದು.

ತಳಪಾಯ:

ಕಾಕತಾಳೀಯ ಖಂಡಿತ ಅಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ತೊಟ್ಟಿಗಳಿಲ್ಲ. ಭೂಮಿಯ ಹೊರಪದರದ ಕೆಳಗಿರುವ ಮ್ಯಾಂಟಲ್ ಬಹುತೇಕ ಗಟ್ಟಿ ಕಲ್ಲು. ಪೆರಿಡೊಟೈಟ್ ಅಂತ ಹೆಸರು, ತುಂಬಾ ಆಲಿವಿನ್ ಇರುವ ಹಸಿರು ಛಾಯೆಯ ಕಲ್ಲು. ಬಿಸಿಯಾದ ಈ ಕಲ್ಲು ಮೇಲಕ್ಕೆ ಬಂದಂತೆ ಅದರ ಮೇಲಿನ ಒತ್ತಡ ಇಳಿಯುತ್ತದೆ, ಕರಗುವ ತಾಪವೂ ಇಳಿಯುತ್ತದೆ, ಹಾಗಾಗಿ ಸ್ವಲ್ಪ ಭಾಗ ಕರಗುತ್ತದೆ. ಸ್ವಲ್ಪ ಭಾಗ ಅನ್ನುವುದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಬೇಗ ಕರಗುವ ಅಂಶಗಳು ಮೊದಲು ಕರಗಿ ಒಸರಿ ಮೇಲೆ ಬರುತ್ತವೆ, ಹಟಮಾರಿಗಳು ಕೆಳಗೇ ಉಳಿಯುತ್ತವೆ. ಹೀಗೆ ಒಸರಿದ್ದೇ ಬಸಾಲ್ಟಿನ ರಸ. ಇಡೀ ಸಾಗರತಳ ಹೀಗೆ ಹುಟ್ಟಿದ್ದು. ಸುಮಾರು 7 ಕಿ.ಮೀ. ದಪ್ಪ, ಮೇಲೆ ಬಸಾಲ್ಟ್, ಕೆಳಗೆ ಗ್ಯಾಬ್ರೋ.

ಗ್ರಾನೈಟಿಗೆ ಇನ್ನೊಂದು ಸುತ್ತು ಬೇಕು. ಈಗಾಗಲೇ ಆಗಿರುವ ಹೊರಪದರದ ಕಲ್ಲು, ಅಂದರೆ ಹಳೆಯ ಬಸಾಲ್ಟ್, ಮಣ್ಣು ಮರಳು ಗಟ್ಟಿಯಾದ ಕಲ್ಲು, ಇವು ಆಳಕ್ಕೆ ಹೋಗಿ ಮತ್ತೆ ಸ್ವಲ್ಪ ಕರಗಬೇಕು. ಕರಗಲು ನೀರು ಸಹಾಯ ಮಾಡುತ್ತದೆ. ನೀರು ಸೇರಿದರೆ ಗ್ರಾನೈಟಿನ ಸಾಮಾನು 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗತೊಡಗುತ್ತದೆ, ಬಸಾಲ್ಟ್ ಲಾವಾ ಹೊರಗೆ ಬರುವಾಗ 1100ರಿಂದ 1200 ಡಿಗ್ರಿ ಇರುತ್ತದೆ. ಹೀಗೆ ಸೋಸಿದ್ದನ್ನೇ ಮತ್ತೆ ಸೋಸಿ ಸೋಸಿ ಉಳಿದ ಸಿಲಿಕಾಭರಿತ ಸಾರ ಗ್ರಾನೈಟ್.

ಇನ್ನೊಂದು ದಾರಿಯೂ ಇದೆ, ನಿಮ್ಮ ಮೊದಲ ಪ್ರಶ್ನೆಗೆ ಅದು ಹತ್ತಿರ. ಬಸಾಲ್ಟಿನ ರಸ ಆಳದಲ್ಲಿ ನಿಧಾನಕ್ಕೆ ಆರುವಾಗ ಆಲಿವಿನ್, ಪೈರಾಕ್ಸಿನ್ ಮೊದಲು ಹರಳಾಗಿ ಬೇರೆಯಾಗುತ್ತವೆ. ಅವು ಕಬ್ಬಿಣ, ಮೆಗ್ನೀಸಿಯಂ ಎತ್ತಿಕೊಂಡು ಹೋದ ಮೇಲೆ ಉಳಿದ ರಸದಲ್ಲಿ ಸಿಲಿಕಾ ಹೆಚ್ಚುತ್ತಾ ಬರುತ್ತದೆ. ಈ ಸರದಿಯನ್ನು ಪ್ರಯೋಗ ಮಾಡಿ ತೋರಿಸಿದವರು ನಾರ್ಮನ್ ಬೋವೆನ್, 20ನೇ ಶತಮಾನದ ಮೊದಲ ದಶಕಗಳಲ್ಲಿ. ಕೊನೆಯ ಹನಿಗಳು ಗ್ರಾನೈಟಿನಂಥ ಕಲ್ಲಾಗಬಹುದು. ಪೂರ್ವ ಗ್ರೀನ್‌ಲ್ಯಾಂಡಿನ ಸ್ಕೇರ್ಗಾರ್ಡ್‌ನಲ್ಲಿ ಗ್ಯಾಬ್ರೋ ರಾಶಿಯ ಮೇಲುಭಾಗದಲ್ಲಿ ಇಂಥದ್ದು ಸ್ವಲ್ಪ ಇದೆ. ಹಾಗಾಗಿ ಸುತ್ತಿಗೆಯವರ ಇಲ್ಲ ಅನ್ನುವ ಉತ್ತರಕ್ಕೆ ನಾನು ಒಂದು ಬಾಲ ಸೇರಿಸುತ್ತೇನೆ: ಇಡೀ ರಸ ಗ್ರಾನೈಟ್ ಆಗುವುದಿಲ್ಲ, ಅದರಿಂದ ತೀರಾ ಸ್ವಲ್ಪ ಸಿಗಬಹುದು. ಬೆಟ್ಟಸಾಲುಗಳ ಉದ್ದಕ್ಕೂ ಇರುವ ಗ್ರಾನೈಟನ್ನೆಲ್ಲ ಈ ಒಂದೇ ದಾರಿಯಲ್ಲಿ ಮಾಡುವುದಾದರೆ ಅದರ ಎಷ್ಟೋ ಪಟ್ಟು ಗ್ಯಾಬ್ರೋ ಕೆಳಗೆ ಬಿದ್ದಿರಬೇಕು. ಈ ವಿಷಯದಲ್ಲಿ ಭೂವಿಜ್ಞಾನದವರು ದಶಕಗಟ್ಟಲೆ ಜಗಳ ಆಡಿದ್ದಾರೆ.

ಈಗ ಒಳಗೆ ಹೊರಗೆ ಅನ್ನುವ ವಿಷಯ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಒಂದು ಕಾರಣ ಎಲ್ಲರಿಗೂ ಗೊತ್ತಿರುವುದೇ, ಸಿಲಿಕಾ ಜಾಸ್ತಿ ಇದ್ದರೆ ರಸ ಅಂಟಂಟು, ಹರಿಯುವುದು ಕಷ್ಟ. ಎರಡನೆಯದು ಹೆಚ್ಚು ಜನ ಹೇಳದ ಕಾರಣ. ಬಸಾಲ್ಟಿನ ರಸದಲ್ಲಿ ನೀರು ಕಡಿಮೆ. ಅದು ಮೇಲೆ ಬಂದಂತೆ ಒತ್ತಡ ಇಳಿದು, ಗಟ್ಟಿಯಾಗುವ ತಾಪವೂ ಇಳಿಯುತ್ತದೆ. ಅಂದರೆ ಮೇಲೆ ಬಂದಷ್ಟೂ ದ್ರವವಾಗಿ ಉಳಿಯುವುದು ಅದಕ್ಕೆ ಸುಲಭ. ಗ್ರಾನೈಟಿನ ರಸ ದ್ರವವಾಗಿರುವುದೇ ಅದರಲ್ಲಿ ಕರಗಿದ ನೀರಿನ ದಯೆಯಿಂದ. ಮೇಲೆ ಬಂದಂತೆ ಒತ್ತಡ ಇಳಿದು ನೀರು ಬಿಟ್ಟುಹೋಗುತ್ತದೆ. ನೀರು ಹೋಯಿತೋ, ಗಟ್ಟಿಯಾಗುವ ತಾಪ ಏರಿಬಿಡುತ್ತದೆ. ರಸ ಅಲ್ಲೇ ನೆಲದೊಳಗೇ ಕೂತುಬಿಡುತ್ತದೆ. ಎಲ್ಲ ಸಲ ಹೀಗಾಗುವುದಿಲ್ಲ, ಹೊರಗೆ ಬಂದಾಗ ಆ ನೀರೇ ಆವಿಯಾಗಿ ಸಿಡಿದು ದೊಡ್ಡ ಸ್ಫೋಟ ಆಗುತ್ತದೆ, ಬೂದಿ ಮತ್ತು ಪ್ಯೂಮಿಸ್ ಕಲ್ಲು ಹಾರುತ್ತವೆ.

ಇದರ ಪರಿಣಾಮ ಭೂಪಟದಲ್ಲೇ ಇದೆ. ಬಸಾಲ್ಟಿನ ಸಾಗರತಳ ಭಾರ, ಆರಿ ಹಳೆಯದಾದಂತೆ ಮತ್ತೆ ಮ್ಯಾಂಟಲಿಗೆ ಮುಳುಗುತ್ತದೆ. ಅದಕ್ಕೇ ಇವತ್ತಿನ ಸಾಗರತಳದ ಬಹುತೇಕ ಭಾಗ 20 ಕೋಟಿ ವರ್ಷಕ್ಕಿಂತ ಎಳೆಯದು. ಗ್ರಾನೈಟಿನಂಥ ಹಗುರ ಕಲ್ಲಿನ ಖಂಡಗಳು ಮುಳುಗುವುದಿಲ್ಲ, ತೇಲಿಕೊಂಡೇ ಇರುತ್ತವೆ, ಕೆನಡಾದಲ್ಲಿ 400 ಕೋಟಿ ವರ್ಷದ ಕಲ್ಲು ಇನ್ನೂ ಸಿಗುತ್ತದೆ. ಬೇರೆ ಕಡೆ ನೋಡಿದರೆ ಚಂದ್ರನ ಮೇಲೆ ಬರಿಗಣ್ಣಿಗೆ ಕಾಣುವ ಕಪ್ಪು ಕಲೆಗಳು ಬಸಾಲ್ಟ್, 1969ರಲ್ಲಿ ಅಪೊಲೊ 11ರವರು ಅದನ್ನೇ ತಂದರು. ಮಂಗಳದ ಮೇಲ್ಮೈಯೂ ಹೆಚ್ಚಾಗಿ ಬಸಾಲ್ಟೇ. ಚಂದ್ರನ ಕಲ್ಲುಗಳಲ್ಲಿ ಗ್ರಾನೈಟ್ ಸಿಕ್ಕಿದ್ದು ಸಣ್ಣ ಚೂರುಗಳಾಗಿ ಮಾತ್ರ. ಬಸಾಲ್ಟ್ ಮಾಡುವುದು ಕಲ್ಲಿನ ಗ್ರಹಗಳಿಗೆ ಸುಲಭದ ಕೆಲಸ. ಗ್ರಾನೈಟನ್ನು ರಾಶಿ ರಾಶಿ ಮಾಡಲು ನೀರೂ ಬೇಕು, ಕಲ್ಲನ್ನು ಮತ್ತೆ ಮತ್ತೆ ಕೆಳಗೆ ತಳ್ಳುವ ವ್ಯವಸ್ಥೆಯೂ ಬೇಕು.

ಬೆಣಚು:

ತಳಪಾಯದವರು ಚೆನ್ನಾಗಿ ಹೇಳಿದರು. ಗ್ರಾನೈಟ್ ಒಂದು ಕಾಲದಲ್ಲಿ ದ್ರವವಾಗಿತ್ತು ಅನ್ನುವುದನ್ನೇ ಜನ ಒಪ್ಪದ ದಿನಗಳಿದ್ದವು ಅನ್ನುವುದನ್ನೂ ಸೇರಿಸುತ್ತೇನೆ. 18ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ವೆರ್ನರ್ ಮತ್ತು ಅವರ ಶಿಷ್ಯರ ಪ್ರಕಾರ ಗ್ರಾನೈಟ್ ಹಳೆಯ ಸಮುದ್ರದ ನೀರಿನಿಂದ ತಳಕ್ಕೆ ಇಳಿದ ಕಲ್ಲು, ಬಸಾಲ್ಟ್ ಕೂಡ ಹಾಗೇ. 1785ರಲ್ಲಿ ಜೇಮ್ಸ್ ಹಟನ್ ಸ್ಕಾಟ್ಲೆಂಡಿನ ಗ್ಲೆನ್ ಟಿಲ್ಟ್ ಅನ್ನುವ ಕಣಿವೆಯಲ್ಲಿ, ಕಪ್ಪು ಛಾಯೆಯ ಹಳೆಯ ಕಲ್ಲಿನ ಒಳಕ್ಕೆ ನಸುಗೆಂಪು ಗ್ರಾನೈಟ್ ಬೇರು ಬಿಟ್ಟಂತೆ ನುಗ್ಗಿರುವುದನ್ನು ನೋಡಿದರು. ದ್ರವವಾಗಿರದಿದ್ದರೆ ನುಗ್ಗುವುದು ಹೇಗೆ? ಹಳೆಯ ಕಲ್ಲು ಅಲ್ಲಿ ಮೊದಲೇ ಇರಬೇಕು, ಗ್ರಾನೈಟ್ ಆಮೇಲೆ ಬಂದಿರಬೇಕು. ಗ್ರಾನೈಟೇ ಎಲ್ಲಕ್ಕಿಂತ ಹಳೆಯ ಕಲ್ಲು ಅನ್ನುವ ಮಾತೂ ಅಲ್ಲಿಗೆ ಬಿತ್ತು.

ಕೊನೆಮನೆ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಆರು ಮೂಲೆಯ ಕಂಬ ಕಂಡರೆ ಅದು ಬಸಾಲ್ಟ್ ಅಂತ ಕಣ್ಣುಮುಚ್ಚಿ ಹೇಳಬಹುದಾ? ಗ್ರಾನೈಟಿನಲ್ಲಿ ಯಾಕೆ ಅಂಥ ಕಂಬ ಕಾಣುವುದಿಲ್ಲ? ಇನ್ನೊಂದು, ಎರಡರಲ್ಲಿ ಗಟ್ಟಿ ಯಾವುದು?

ಸುತ್ತಿಗೆ:

ಹೇಳಲಾಗದು. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಬಸಾಲ್ಟೇ, ಸುಮಾರು 40,000 ಕಂಬಗಳಿವೆ. ಆದರೆ ಅಮೆರಿಕದ ವಯೋಮಿಂಗ್‌ನ ಡೆವಿಲ್ಸ್ ಟವರ್‌ನಲ್ಲೂ ಭರ್ಜರಿ ಕಂಬಗಳಿವೆ, ಅದು ಫೋನೋಲೈಟ್ ಅನ್ನುವ ಬೇರೆಯೇ ಕಲ್ಲು. ರಯೋಲೈಟಿನಲ್ಲೂ ಕಂಬ ಆಗುತ್ತದೆ. ಕಂಬ ಹೇಳುವುದು ಇಷ್ಟೇ: ಗಟ್ಟಿಯಾದ ಮೇಲೆ ಕಲ್ಲು ಆರುತ್ತಾ ಕುಗ್ಗಿತು, ಬಿರುಕು ಬಿಟ್ಟಿತು, ಬಿರುಕು ತಣ್ಣನೆ ಮುಖದಿಂದ ಒಳಕ್ಕೆ ಇಳಿಯುತ್ತಾ ಹೋಯಿತು. ಆರೇ ಮೂಲೆ ಅಂತಲೂ ಇಲ್ಲ, ಐದು, ಏಳು ಮೂಲೆಯವೂ ಸಿಗುತ್ತವೆ. ನಿಧಾನಕ್ಕೆ ಆರಿದಷ್ಟೂ ಕಂಬ ದಪ್ಪ.

ಗ್ರಾನೈಟ್ ಆಳದಲ್ಲಿ, ಸುತ್ತಲೂ ಬಿಸಿ ಕಲ್ಲು ಇರುವ ಕಡೆ ಆರುತ್ತದೆ. ಅಲ್ಲಿ ಒಂದು ಮುಖ ತಣ್ಣಗೆ, ಒಳಗೆ ಕೆಂಡ ಅನ್ನುವಂಥ ಅಂತರ ಇರುವುದಿಲ್ಲ. ಅದರ ಬಿರುಕು ಬೇರೆ ಥರ. ಮೇಲಿದ್ದ ಕಲ್ಲೆಲ್ಲ ಸವೆದು ಭಾರ ಇಳಿದ ಮೇಲೆ ಮೈಗೆ ಸಮನಾಗಿ ಹಾಳೆ ಹಾಳೆಯಾಗಿ ಏಳುತ್ತದೆ. ಅಮೆರಿಕದ ಯೊಸೆಮಿಟಿಯಲ್ಲಿರುವ ಹಾಫ್ ಡೋಮ್ ಅನ್ನುವ ಬಂಡೆಬೆಟ್ಟದ ಚಿತ್ರ ನೋಡಿ, ಆ ದುಂಡನೆ ಬೆನ್ನು ಹಾಗೆ ಆದದ್ದು. ಕರಾರುವಾಕ್ಕಾಗಿ ಹೇಳಿದರೆ ಹಾಫ್ ಡೋಮ್ ಗ್ರಾನೈಟ್ ಅಲ್ಲ, ಗ್ರಾನೊಡಯೊರೈಟ್. ಈ ಮಾತು ಎತ್ತಿದರೆ ಪಕ್ಕದವರು ಎದ್ದು ಹೋಗುತ್ತಾರೆ, ಇಲ್ಲಿಗೇ ಬಿಡುತ್ತೇನೆ.

ಬೆಣಚು:

ಗಟ್ಟಿ ಅನ್ನುವುದರಲ್ಲಿ ಎರಡಿದೆ. ಗೀರು ಬೀಳುವುದರಲ್ಲಿ ಗ್ರಾನೈಟ್ ಮುಂದು, ಅದರಲ್ಲಿರುವ ಬೆಣಚು ಗೀರಿನ ಗಟ್ಟಿತನವನ್ನು 1ರಿಂದ 10ರವರೆಗೆ ಎಣಿಸುವ ಮೊಹ್ಸ್ ಅಳತೆಯಲ್ಲಿ 7, ಫೆಲ್ಡ್‌ಸ್ಪಾರ್ 6. ಪೈರಾಕ್ಸಿನ್ 5ರಿಂದ 6. ಆದರೆ ಏಟು ತಿನ್ನುವುದರಲ್ಲಿ ಹೊಸ ಬಸಾಲ್ಟ್ ಬಲು ಹಟಮಾರಿ, ಸಣ್ಣ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ರಸ್ತೆಯ ಜಲ್ಲಿಗೆ, ರೈಲುಹಳಿಯ ಕೆಳಗೆ ಹಾಕಲು ಎರಡೂ ನಡೆಯುತ್ತವೆ.

ಬಿಸಿಲು ಮಳೆಗೆ ಬಿಟ್ಟರೆ ಮಾತ್ರ ಲೆಕ್ಕ ತಲೆಕೆಳಗು. ಆಳದಲ್ಲಿ ಯಾವ ಖನಿಜ ಮೊದಲು ಹರಳಾಯಿತೋ ಅದೇ ಮೇಲೆ ಬಂದಾಗ ಮೊದಲು ಕೆಡುತ್ತದೆ. 1938ರಲ್ಲಿ ಗೋಲ್ಡಿಚ್ ಅನ್ನುವವರು ಇದನ್ನು ತೋರಿಸಿದರು. ಬೋವೆನ್ ಸರದಿಯ ಮೊದಲಲ್ಲಿದ್ದ ಆಲಿವಿನ್ ಮೊದಲು ಹಾಳಾಗುತ್ತದೆ, ಕೊನೆಯ ಬೆಣಚು ಕೊನೆಯವರೆಗೂ ಉಳಿಯುತ್ತದೆ. ಹಾಗಾಗಿ ಬಸಾಲ್ಟ್ ಸಾಮಾನ್ಯವಾಗಿ ಬೇಗ ಕೊಳೆತು ಜೇಡಿಯಾಗಿ, ಕಬ್ಬಿಣದ ತುಕ್ಕಾಗಿ ಹೋಗುತ್ತದೆ. ದಖನ್ ಪ್ರಸ್ಥಭೂಮಿಯ ಕಪ್ಪು ಎರೆಮಣ್ಣು 6.6 ಕೋಟಿ ವರ್ಷದ ಹಿಂದೆ ಹರಿದ ಬಸಾಲ್ಟಿನ ಮಗು. ಗ್ರಾನೈಟಿನಲ್ಲಿ ಫೆಲ್ಡ್‌ಸ್ಪಾರ್ ಜೇಡಿಯಾದ ಮೇಲೆ ಬೆಣಚಿನ ಕಾಳು ಉದುರಿ ಮರಳಾಗುತ್ತದೆ. ಪ್ರಪಂಚದ ಬಹುಪಾಲು ಬಿಳಿ ಮರಳು ಬೆಣಚು. ಹವಾಯಿಯ ಮರಳು ಕೆಲವು ಕಡೆ ಕಪ್ಪು, ಒಂದು ಕಡೆ ಆಲಿವಿನ್‌ನಿಂದಾಗಿ ಹಸಿರು. ಅಲ್ಲಿ ಬೆಣಚು ಕೊಡಲು ಗ್ರಾನೈಟೇ ಇಲ್ಲ.

ಬಸಾಲ್ಟ್ ಬೇಗ ಕೆಡುತ್ತದೆ ಅನ್ನುವುದೇ ಈಗ ಒಂದು ಉಪಯೋಗಕ್ಕೆ ಬಂದಿದೆ. ಐಸ್‌ಲ್ಯಾಂಡಿನಲ್ಲಿ ಕಾರ್ಬನ್ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಆಳದ ಬಸಾಲ್ಟಿಗೆ ಇಳಿಸುತ್ತಾರೆ. ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಅದು ಕಾರ್ಬೊನೇಟ್ ಖನಿಜವಾಗಿ ಕೂತುಬಿಡುತ್ತದೆ. ಮೊದಲ ಪ್ರಯೋಗದಲ್ಲಿ ಹಾಕಿದ್ದರ ಹೆಚ್ಚಿನ ಪಾಲು 2 ವರ್ಷದೊಳಗೇ ಕಲ್ಲಾಯಿತು. ಗ್ರಾನೈಟಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಷ್ಟಿಲ್ಲ, ಅಲ್ಲಿ ಇದನ್ನು ನಂಬಿ ಕೂರುವಂತಿಲ್ಲ.

ದಾರಿಹೋಕ:

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಕೊನೆಯದೊಂದು. ಡಾಲರೈಟ್ ಸೀಳಿನಲ್ಲಿ ಆರಿದ ಕಲ್ಲು ಅಂದಿರಿ. ಬಂಡೆಯಲ್ಲಿ ಅಂಥ ಸೀಳು ಎದುರಿಗೆ ಸಿಕ್ಕರೆ ಏನು ನೋಡಬೇಕು? ಆಮೇಲೆ, ಗ್ರಾನೈಟಿನಲ್ಲಿ ವಿಕಿರಣ ಇದೆ ಅಂತ ಹೆದರಿಸುತ್ತಾರೆ, ನಿಜವಾ?

ತಳಪಾಯ:

ವಿಕಿರಣ ಇದೆ, ಸ್ವಲ್ಪ. ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಮೂರೂ ಬಸಾಲ್ಟಿಗಿಂತ ಗ್ರಾನೈಟಿನಲ್ಲಿ ಜಾಸ್ತಿ, ಅವೂ ಬೇಗ ಕರಗುವ ಭಾಗದ ಜೊತೆ ಮೇಲೆ ಬರುವಂಥವು. ಜನ ಗಮನ ಕೊಡುವುದು ಗ್ರಾನೈಟ್ ನೆಲದ ಪ್ರದೇಶಗಳಲ್ಲಿ ಮಣ್ಣಿನಿಂದ ಮನೆಯೊಳಗೆ ಸೇರುವ ರೇಡಾನ್ ಅನ್ನುವ ವಿಕಿರಣ ಸೂಸುವ ಅನಿಲಕ್ಕೆ, ಇಂಗ್ಲೆಂಡಿನ ಕಾರ್ನ್‌ವಾಲ್ ಇದಕ್ಕೆ ಹೆಸರುವಾಸಿ. ಗಾಳಿ ಆಡುವ ಮನೆಯಲ್ಲಿ ಒಂದು ಚಪ್ಪಡಿಯಿಂದ ಬರುವುದು ಸಾಮಾನ್ಯವಾಗಿ ಗಣನೆಗೆ ಬಾರದಷ್ಟು. ನಿಮ್ಮ ಕಪ್ಪು ಸ್ಲ್ಯಾಬಿನಲ್ಲಂತೂ ಇನ್ನೂ ಕಡಿಮೆ.

ಸುತ್ತಿಗೆ:

ಸೀಳು ಸಿಕ್ಕರೆ ಮೊದಲು ಅಂಚು ನೋಡಿ. ಬಿಸಿ ರಸ ತಣ್ಣನೆ ಬಂಡೆಗೆ ತಾಗಿದ ಜಾಗ ಅದು, ಹರಳು ಕಣ್ಣಿಗೆ ಕಾಣದಷ್ಟು ಸಣ್ಣ, ಕೆಲವು ಸಲ ಗಾಜಿನಷ್ಟು ನುಣುಪು. ಅಲ್ಲಿಂದ ಭೂತಗನ್ನಡಿಯನ್ನು ನಡುವಿನ ಕಡೆ ಸರಿಸುತ್ತಾ ಬನ್ನಿ, ಕಡ್ಡಿಗಳು ದಪ್ಪವಾಗುತ್ತಾ ಹೋಗುತ್ತವೆ. ಅಂಚಿನ ತುಂಡು ಮಾತ್ರ ಕೊಟ್ಟರೆ ಯಾರಾದರೂ ಬಸಾಲ್ಟ್ ಅನ್ನುತ್ತಾರೆ, ನಡುವಿನದು ಕೊಟ್ಟರೆ ಡಾಲರೈಟ್. ಎರಡೂ ಒಂದೇ ರಸ, ಒಂದೇ ದಿನ ನುಗ್ಗಿದ್ದು. ತಾಗಿದ ಕಡೆಯ ಹಳೆಯ ಬಂಡೆಯನ್ನೂ ನೋಡಿ, ಸುಟ್ಟು ಬಣ್ಣ ಬದಲಾಗಿರಬಹುದು.

ಒಡೆದು ನೋಡುವುದಾದರೆ ಕಣ್ಣಿಗೆ ಕನ್ನಡಕ ಹಾಕಿಕೊಳ್ಳದೆ ಸುತ್ತಿಗೆ ಎತ್ತಬೇಡಿ. ಆ ಅಂಚಿನ ಕಲ್ಲಿನ ಚೂರು ಹಾರಿದರೆ ಬ್ಲೇಡಿನಷ್ಟು ಹರಿತ.